ಕುದುರೆ ಸವಾರಿ ಥೆರಪಿ: ಕನ್ನಡ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಅಂಗವೈಕಲ್ಯ ಇರುವವರಿಗೆ ಕುದುರೆ ಸವಾರಿ ಕಲಿಸುವ ಒಂದು ಕೇಂದ್ರದಲ್ಲಿ ನಾನು ಸ್ವಯಂಸೇವಕಿ. ಸವಾರರ ಪಕ್ಕದಲ್ಲಿ ನಡೆಯುವುದು ನನ್ನ ಕೆಲಸ. ಇಲ್ಲಿನ ಕನ್ನಡ ಕುಟುಂಬಗಳಿಂದ, ಊರಿಂದ ಫೋನ್ ಮಾಡುವ ಪರಿಚಯದವರಿಂದ ಒಂದೇ ಥರದ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆದಿದ್ದೇನೆ. ನಾನು ಡಾಕ್ಟರೂ ಅಲ್ಲ, ಥೆರಪಿಸ್ಟೂ ಅಲ್ಲ. ನಿಮ್ಮ ಮಗು ಕುದುರೆ ಹತ್ತಬಹುದೋ ಇಲ್ಲವೋ ಅನ್ನುವುದನ್ನು ಅವರೇ ಹೇಳಬೇಕು.

ಕುದುರೆ ಮೇಲೆ ಕೂತರೆ ಮೈಗೆ ಏನು ಉಪಯೋಗ?

ಕುದುರೆ ನಡೆಯುವಾಗ ಅದರ ಬೆನ್ನು ಸುಮ್ಮನಿರುವುದಿಲ್ಲ. ಪ್ರತಿ ಹೆಜ್ಜೆಗೂ ಮೇಲೆ ಕೂತವರ ಸೊಂಟ ಸ್ವಲ್ಪ ಮುಂದೆ ಹಿಂದೆ ಹೋಗುತ್ತದೆ, ಎಡಕ್ಕೆ ಬಲಕ್ಕೆ ವಾಲುತ್ತದೆ, ಜೊತೆಗೆ ಚೂರು ತಿರುಗುತ್ತದೆ. ನಾವು ನಡೆಯುವಾಗ ನಮ್ಮ ಸೊಂಟವೂ ಹೆಚ್ಚುಕಮ್ಮಿ ಇದನ್ನೇ ಮಾಡುತ್ತದೆ. ಹಾಗಾಗಿ ನಡೆಯಲು ಬಾರದ ಮಗು ಕುದುರೆ ಮೇಲೆ ಕೂತರೆ, ನಡಿಗೆಯಲ್ಲಿ ಸೊಂಟ ಹೇಗೆ ಆಡುತ್ತದೆ ಅನ್ನುವುದು ಅದರ ಮೈಗೆ ಗೊತ್ತಾಗುತ್ತಾ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಕುದುರೆ ಸಾವಿರಾರು ಹೆಜ್ಜೆ ಹಾಕುತ್ತದೆ. ಪ್ರತಿ ಹೆಜ್ಜೆಗೂ ಮಗುವಿನ ಬೆನ್ನು, ಹೊಟ್ಟೆಯ ಸ್ನಾಯುಗಳು ತಾವಾಗಿಯೇ ಸರಿಮಾಡಿಕೊಳ್ಳಬೇಕು. ಕೋಣೆಯೊಳಗೆ ಮ್ಯಾಟ್ ಮೇಲೆ ಇಷ್ಟು ಸಲ ಒಂದೇ ವ್ಯಾಯಾಮ ಮಾಡಿಸಲು ಹೋದರೆ ಯಾವ ಮಗುವೂ ಒಪ್ಪುವುದಿಲ್ಲ.

ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗೆ ಆದ ತೊಂದರೆಯಿಂದ ಮೈಯ ಚಲನೆ ಹತೋಟಿಗೆ ಬಾರದ ಸ್ಥಿತಿ ಇರುವ ಅನೇಕ ಮಕ್ಕಳಲ್ಲಿ ತೊಡೆಯ ಒಳಭಾಗದ ಸ್ನಾಯು ಬಿಗಿಯಾಗಿ, ಎರಡೂ ಕಾಲು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಕುದುರೆಯ ಬೆನ್ನು ಅಗಲ. ಮೈ ಬಿಸಿಯೂ ನಮಗಿಂತ ಸ್ವಲ್ಪ ಜಾಸ್ತಿ, ಸುಮಾರು 38 ಡಿಗ್ರಿ ಸೆಲ್ಸಿಯಸ್. ಆ ಬೆಚ್ಚಗಿನ ಬೆನ್ನಿನ ಮೇಲೆ ಕಾಲು ಅಗಲಿಸಿ ಕೂತು, ನಿಧಾನಕ್ಕೆ ತೂಗುತ್ತಾ ಹೋದಾಗ ಆ ಬಿಗಿತ ಸ್ವಲ್ಪ ಸಡಿಲವಾಗುತ್ತದೆ. ಕೆಲವು ಮಕ್ಕಳದ್ದು ಇದಕ್ಕೆ ಪೂರ್ತಿ ಉಲ್ಟಾ, ಮೈಯೆಲ್ಲ ಮೆತ್ತಗೆ, ಕೂತರೆ ಬಾಗಿಹೋಗುತ್ತದೆ. ಅಂಥವರಿಗೆ ಚುರುಕಾಗಿ ಹೆಜ್ಜೆ ಹಾಕುವ ಕುದುರೆ ಆರಿಸುತ್ತಾರೆ. ಆಗಾಗ ನಿಲ್ಲಿಸಿ ಮತ್ತೆ ಹೊರಡಿಸುತ್ತಾರೆ. ಹಾಗೆ ನಿಂತು ಹೊರಟಾಗಲೆಲ್ಲ ಮಗು ಬೆನ್ನು ನೆಟ್ಟಗೆ ಮಾಡಿಕೊಳ್ಳಲೇಬೇಕು. ಯಾವ ಮಗುವಿಗೆ ಯಾವ ಕುದುರೆ ಅನ್ನುವುದು ಅದಕ್ಕೇ ಮುಖ್ಯ.

ಥೆರಪ್ಯೂಟಿಕ್ ರೈಡಿಂಗ್, ಹಿಪ್ಪೋಥೆರಪಿ ಎರಡೂ ಒಂದೇನಾ?

ಅಲ್ಲ. ಸೇರಿಸುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಿ, ದುಡ್ಡಿನ ಲೆಕ್ಕವೂ ಇದರ ಮೇಲೇ ನಿಂತಿದೆ.

ಥೆರಪ್ಯೂಟಿಕ್ ರೈಡಿಂಗ್ ಅಂದರೆ ಸವಾರಿ ಕಲಿಸುವ ಕ್ಲಾಸು. ಕಲಿಸುವವರು ಅಂಗವೈಕಲ್ಯ ಇರುವವರಿಗೆ ಕಲಿಸಲು ತರಬೇತಿ ಪಡೆದ ಶಿಕ್ಷಕರು. ಲಗಾಮು ಹಿಡಿಯುವುದು, ತಿರುಗಿಸುವುದು, ನಿಲ್ಲಿಸುವುದು ಎಲ್ಲವನ್ನೂ ಮಗು ಕಲಿಯುತ್ತದೆ. ಹಿಪ್ಪೋಥೆರಪಿಯಲ್ಲಿ ಚಿಕಿತ್ಸೆ ಕೊಡುವವರು ಲೈಸೆನ್ಸ್ ಇರುವ ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ಕಲಿಸುವವರು) ಅಥವಾ ಸ್ಪೀಚ್ ಥೆರಪಿಸ್ಟ್. ಅವರು ಕುದುರೆಯ ಚಲನೆಯನ್ನು ತಮ್ಮ ಚಿಕಿತ್ಸೆಯ ಸಾಧನವಾಗಿ ಬಳಸುತ್ತಾರೆ. ಮಗು ಕುದುರೆ ಓಡಿಸುವುದಿಲ್ಲ. ಕೆಲವೊಮ್ಮೆ ಅಡ್ಡಡ್ಡ ಕೂರುತ್ತದೆ, ಬಾಲದ ಕಡೆ ಮುಖ ಮಾಡಿ ಕೂರುತ್ತದೆ, ಕುದುರೆಯ ಬೆನ್ನಿಗೆ ಎರಡೂ ಕೈ ಊರಿ ಭಾರ ಹಾಕುತ್ತದೆ. ಹೊರಗಿಂದ ನೋಡಿದರೆ ಆಟದ ಥರ ಕಾಣುತ್ತದೆ. ಪ್ರತಿಯೊಂದಕ್ಕೂ ಥೆರಪಿಸ್ಟ್ ತಲೆಯಲ್ಲಿ ಒಂದು ಕಾರಣ ಇರುತ್ತದೆ, ಕೇಳಿದರೆ ಹೇಳುತ್ತಾರೆ.

ಇದು ಈಚೆಗೆ ಬಂದ ಫ್ಯಾಷನ್ನಾ?

ಈ ಪ್ರಶ್ನೆ ಬಂದಾಗ ನಾನು ಲಿಸ್ ಹಾರ್ಟೆಲ್ ಕತೆ ಹೇಳುತ್ತೇನೆ. ಆಕೆ ಡೆನ್ಮಾರ್ಕಿನ ಸವಾರಿಗಾರ್ತಿ. 1944ರಲ್ಲಿ, ಬಸುರಿಯಾಗಿದ್ದಾಗ ಪೋಲಿಯೋ ಬಂತು. ಎಷ್ಟು ಕಷ್ಟಪಟ್ಟರೂ ಮೊಣಕಾಲಿಂದ ಕೆಳಗೆ ಶಕ್ತಿ ಮರಳಲಿಲ್ಲ. ಕುದುರೆ ಹತ್ತಿಸಲು, ಇಳಿಸಲು ಇನ್ನೊಬ್ಬರು ಬೇಕಿತ್ತು. ಹಾಗಿದ್ದೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸ್ಸಾಜ್ ಅನ್ನುವ, ಕುದುರೆಯನ್ನು ಹೇಳಿದ ಹಾಗೆ ನಾಜೂಕಾಗಿ ನಡೆಸಿ ತೋರಿಸುವ ಸ್ಪರ್ಧೆಯಲ್ಲಿ ತನ್ನ ಜುಬಿಲಿ ಅನ್ನುವ ಕುದುರೆಯ ಜೊತೆ ಬೆಳ್ಳಿ ಗೆದ್ದರು. ಆ ಸ್ಪರ್ಧೆಯಲ್ಲಿ ಹೆಂಗಸರು ಗಂಡಸರ ಜೊತೆ ಸ್ಪರ್ಧಿಸಿದ್ದು ಅದೇ ಮೊದಲು. ಚಿನ್ನ ಗೆದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ ಪದಕ ಕೊಡುವಾಗ ಆಕೆಗೆ ವೇದಿಕೆ ಹತ್ತಲು ನೆರವಾದರು. 1956ರಲ್ಲಿ ಆಕೆಗೆ ಇನ್ನೊಂದು ಬೆಳ್ಳಿ ಬಂತು.

ಯುರೋಪಿನಲ್ಲೂ ಅಮೆರಿಕದಲ್ಲೂ ಅಂಗವೈಕಲ್ಯ ಇರುವವರಿಗಾಗಿ ಸವಾರಿ ಕೇಂದ್ರಗಳು ಶುರುವಾಗಲು ಆಕೆಯೇ ದೊಡ್ಡ ಪ್ರೇರಣೆ. 1969ರಲ್ಲಿ ಬ್ರಿಟನ್ನಿನ ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್ ಹುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಶುರುವಾದ ಸಂಘಕ್ಕೆ ಈಗ ಪಾತ್ ಇಂಟರ್‌ನ್ಯಾಷನಲ್ ಅಂತ ಹೆಸರು. ಶಿಕ್ಷಕರಿಗೆ ಸರ್ಟಿಫಿಕೇಟ್ ಕೊಡುವುದು, ಕೇಂದ್ರಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವುದು ಇದೇ ಸಂಘ. ನಮ್ಮ ಬೇ ಏರಿಯಾದ ವುಡ್‌ಸೈಡ್‌ನಲ್ಲಿರುವ ಎನ್‌ಸಿಇಎಫ್‌ಟಿ ಕೇಂದ್ರವೂ 1971ರಿಂದ ಇದೆ.

ಇದರಿಂದ ಗುಣ ಆಗುತ್ತೆ ಅಂತ ಸಾಬೀತಾಗಿದೆಯಾ?

ಗುಣ ಆಗುವುದು ಅನ್ನುವ ಮಾತನ್ನು ಪಕ್ಕಕ್ಕಿಡಿ. ಸೆರೆಬ್ರಲ್ ಪಾಲ್ಸಿಯಾಗಲಿ ಆಟಿಸಂ ಆಗಲಿ ಕುದುರೆ ಹತ್ತಿದರೆ ವಾಸಿಯಾಗುವುದಿಲ್ಲ. ವಾಸಿ ಮಾಡುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಗೆ ಹೋಗಬೇಡಿ.

ಅಧ್ಯಯನಗಳು ಏನು ಹೇಳುತ್ತವೆ ಅಂದರೆ, 2003ರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ 15 ಮಕ್ಕಳಲ್ಲಿ ಕೆಲವರನ್ನು 8 ನಿಮಿಷ ನಡೆಯುವ ಕುದುರೆ ಮೇಲೆ, ಉಳಿದವರನ್ನು ಅಷ್ಟೇ ಹೊತ್ತು ಅಲುಗಾಡದ ಪೀಪಾಯಿ ಮೇಲೆ ಕೂರಿಸಿ ನೋಡಿದರು. ಕುದುರೆ ಮೇಲಿದ್ದವರಲ್ಲಿ ಎಡ ಬಲ ಸ್ನಾಯುಗಳ ಕೆಲಸ ಹೆಚ್ಚು ಸಮವಾಯಿತು. ಪೀಪಾಯಿ ಮೇಲಿದ್ದವರಲ್ಲಿ ಹಾಗೆ ಆಗಲಿಲ್ಲ. ಆದರೆ 2009ರಲ್ಲಿ ಆಸ್ಟ್ರೇಲಿಯಾದಲ್ಲಿ 99 ಮಕ್ಕಳ ಮೇಲೆ 10 ವಾರ ನಡೆದ ದೊಡ್ಡ ಅಧ್ಯಯನದಲ್ಲಿ ನಡಿಗೆ, ಚಲನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಜೊತೆಗಿಟ್ಟುಕೊಂಡು ಯೋಚಿಸಿ. ಇಳಿದ ತಕ್ಷಣ ಮೈ ಹಗುರವಾಗಿರುವುದು ಬೇರೆ, ತಿಂಗಳುಗಳ ನಂತರ ಮೆಟ್ಟಿಲು ಹತ್ತುವುದು ಬೇರೆ.

ಆಟಿಸಂ ವಿಷಯದಲ್ಲಿ ಫಲಿತಾಂಶ ಸ್ವಲ್ಪ ಹೆಚ್ಚು ಭರವಸೆ ಕೊಡುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 6ರಿಂದ 16 ವರ್ಷದ ಮಕ್ಕಳಲ್ಲಿ ಒಂದು ಗುಂಪು 10 ವಾರ ಸವಾರಿ ಮಾಡಿತು. ಇನ್ನೊಂದು ಗುಂಪು ಅದೇ ಲಾಯಕ್ಕೆ ಬಂದು ಕುದುರೆಗಳ ಬಗ್ಗೆ ಕಲಿಯಿತು, ಆದರೆ ಜೀವಂತ ಕುದುರೆಯ ಸಹವಾಸ ಇರಲಿಲ್ಲ. ಸವಾರಿ ಮಾಡಿದವರಲ್ಲಿ ಸಿಡಿಮಿಡಿ, ಚಡಪಡಿಕೆ ಕಡಿಮೆಯಾಯಿತು. ಆಡುವ ಮಾತು ಜಾಸ್ತಿಯಾಯಿತು.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಕುದುರೆ ಸಿಕ್ಕಿತು ಅಂತ ವಾರದ ಫಿಸಿಯೋಥೆರಪಿ ನಿಲ್ಲಿಸಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇದು ಅದರ ಜೊತೆಗೆ ನಡೆಯಬೇಕಾದದ್ದು.

ಯಾರು ಹತ್ತಬಾರದು?

ಡಾಕ್ಟರ್ ಸಹಿ ಮಾಡಿದ ಫಾರಂ ಇಲ್ಲದೆ ಒಳ್ಳೆಯ ಕೇಂದ್ರ ಯಾರನ್ನೂ ಹತ್ತಿಸುವುದಿಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ ಕೆಲವರಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲ ಇರುತ್ತದೆ. ಕುಲುಕಾಟದಲ್ಲಿ ಬೆನ್ನುಹುರಿಗೆ ಪೆಟ್ಟಾಗುವ ಅಪಾಯ ಇರುವುದರಿಂದ ಅದನ್ನು ಪರೀಕ್ಷಿಸಿಯೇ ಮುಂದುವರಿಯಬೇಕು. ಹತೋಟಿಗೆ ಬಾರದ ಫಿಟ್ಸ್, ಜಾರಿದ ಸೊಂಟದ ಕೀಲು, ಜಾಸ್ತಿ ಡೊಂಕಾದ ಬೆನ್ನುಮೂಳೆ, ಸುಲಭವಾಗಿ ಮುರಿಯುವ ಮೂಳೆ, ರಕ್ತ ಹೆಪ್ಪುಗಟ್ಟದ ತೊಂದರೆ ಇದ್ದರೂ ಡಾಕ್ಟರ್ ಹತ್ತಿರ ವಿವರವಾಗಿ ಮಾತಾಡಬೇಕು. ವೀಲ್‌ಚೇರಿನಲ್ಲಿ ಕೂತು ಕೂತು ಹುಣ್ಣಾಗಿದ್ದರೆ ಅದು ಮಾಯುವ ತನಕ ಸವಾರಿ ಬೇಡ.

ಪಾತ್ ಇಂಟರ್‌ನ್ಯಾಷನಲ್ ನಿಯಮದ ಪ್ರಕಾರ ಸವಾರಿ ಕ್ಲಾಸಿಗೆ 4 ವರ್ಷ ತುಂಬಿರಬೇಕು. ಥೆರಪಿಸ್ಟ್ ಕೊಡುವ ಚಿಕಿತ್ಸೆಯನ್ನು 2 ವರ್ಷದಿಂದ ಶುರುಮಾಡಬಹುದು.

ಒಂದು ವಿಷಯ ಮುಚ್ಚಿಡಬೇಡಿ. ಫಿಟ್ಸ್ ಬಂದಿತ್ತು ಅಂತ ಹೇಳಿದರೆ ಸೇರಿಸಿಕೊಳ್ಳುವುದಿಲ್ಲವೇನೋ ಅಂತ ಕೆಲವು ತಂದೆತಾಯಿ ಫಾರಂನಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ನಾವು ಅದಕ್ಕೆ ತಯಾರಾಗಿ ನಿಂತಿರುತ್ತೇವೆ.

ಅಜ್ಜ ಅಜ್ಜಿ ಹೆದರುತ್ತಾರೆ. ಬಿದ್ದರೆ?

ಊರಿಂದ ಬಂದ ಅಜ್ಜಿಯಂದಿರು ಬೇಲಿಯ ಆಚೆ ಸೆರಗು ಬಾಯಿಗಿಟ್ಟುಕೊಂಡು ನಿಂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಭಯ ಸುಳ್ಳಲ್ಲ. ಕುದುರೆ ದೊಡ್ಡ ಪ್ರಾಣಿ, ಬೆದರುವ ಸ್ವಭಾವದ್ದು. ಅಪಾಯವೇ ಇಲ್ಲ ಅಂತ ಯಾರೂ ಹೇಳಲಾರರು. ಅದಕ್ಕಾಗಿ ಏನೇನು ಮಾಡುತ್ತೇವೆ ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಶುರುವಿನಲ್ಲಿ ಒಬ್ಬ ಸವಾರನಿಗೆ ಮೂರು ಜನ ಇರುತ್ತೇವೆ. ಒಬ್ಬರು ಕುದುರೆಯ ತಲೆಯ ಹತ್ತಿರ ಹಗ್ಗ ಹಿಡಿದು ನಡೆಸುತ್ತಾರೆ. ಅವರ ಕಣ್ಣು ಕಿವಿ ಎಲ್ಲ ಕುದುರೆಯ ಮೇಲೆ. ಮಗುವಿಗೆ ಏನಾದರೂ ಅವರು ಕುದುರೆ ಬಿಟ್ಟು ಬರುವಂತಿಲ್ಲ. ನಾವಿಬ್ಬರು ಎಡಕ್ಕೆ ಬಲಕ್ಕೆ. ನನ್ನ ಮುಂಗೈ ಮಗುವಿನ ತೊಡೆಯ ಮೇಲೆ ಅಡ್ಡ ಇರುತ್ತದೆ, ಬೆರಳು ಜೀನಿನ ಮುಂದಿನ ಅಂಚನ್ನು ಹಿಡಿದಿರುತ್ತದೆ. ಮಗು ಯಾವ ಕಡೆ ವಾಲಿದರೂ ಕೈಗೆ ಮೊದಲೇ ಗೊತ್ತಾಗುತ್ತದೆ. ಹತ್ತು ನಿಮಿಷಕ್ಕೆಲ್ಲ ಭುಜ ನೋಯಲು ಶುರುವಾಗುತ್ತದೆ. ಆಗ ಕುದುರೆ ನಿಲ್ಲಿಸಿ, ಒಬ್ಬರಾದ ಮೇಲೆ ಒಬ್ಬರು ಜಾಗ ಬದಲಿಸುತ್ತೇವೆ. ಇಬ್ಬರೂ ಒಟ್ಟಿಗೆ ಕೈ ತೆಗೆಯುವುದಿಲ್ಲ.

ಹೆಲ್ಮೆಟ್ ಕಡ್ಡಾಯ. ಕಾಲಿಡುವ ರಿಕಾಪು ಕೂಡ ಬೇರೆ ಥರದ್ದು, ಮಗು ಬಿದ್ದರೂ ಕಾಲು ಅದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ವೀಲ್‌ಚೇರಿನವರಿಗೆ ಇಳಿಜಾರು ಕಟ್ಟೆ ಇದೆ. ಕುರ್ಚಿಯನ್ನು ಕುದುರೆಯ ಬೆನ್ನಿನ ಎತ್ತರಕ್ಕೆ ತಳ್ಳಿಕೊಂಡು ಹೋಗಬಹುದು. ಏನಾದರೂ ಎಡವಟ್ಟಾದರೆ ಮಗುವನ್ನು ಕ್ಷಣದಲ್ಲಿ ಪಕ್ಕಕ್ಕೆ ಎತ್ತಿ ಇಳಿಸುವುದನ್ನು ನಾವು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಿರುತ್ತೇವೆ.

ನಮ್ಮ ಮಗ ಮಾತಾಡಲ್ಲ. ಅವನಿಗೆ ಹೇಗೆ ಕಲಿಸ್ತೀರಿ?

ಮಾತು ಬಾರದ ಮಕ್ಕಳ ಜೊತೆ ನಡೆಯುವುದೇ ನನಗೆ ಜಾಸ್ತಿ ಇಷ್ಟ. ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಕುದುರೆ ಹೊರಡಬೇಕಾದರೆ ಅದರ ಕುತ್ತಿಗೆಯನ್ನು ಎರಡು ಬೆರಳಿಂದ ತಟ್ಟಬೇಕು ಅಂತ ಶಿಕ್ಷಕಿ ಅವನಿಗೆ ತೋರಿಸಿಕೊಟ್ಟಿದ್ದರು. ವಾರಗಟ್ಟಲೆ ಅವನು ಸುಮ್ನೆ ಕೂತಿದ್ದ. ಶಿಕ್ಷಕಿ ಅವನ ಕೈ ಹಿಡಿದು ತಟ್ಟಿಸುವರು, ಕುದುರೆ ಹೊರಡುವುದು. ಒಂದು ದಿನ ಕುದುರೆ ನಿಂತಿತ್ತು. ನಾವ್ಯಾರೂ ಅಲುಗಾಡಲಿಲ್ಲ. ಕಾದೆವು. ತುಂಬಾ ಹೊತ್ತು ಕಾದೆವು. ಅವನು ಜೂಲಿನ ಕೂದಲು ಬೆರಳಿಗೆ ಸುತ್ತುತ್ತಿದ್ದ. ಸುತ್ತುವುದು ಬಿಟ್ಟು, ಕೆಳಗೆ ನೋಡಿ, ಎರಡು ಬೆರಳಿಂದ ತಟ್ಟಿದ. ಕುದುರೆ ಹೊರಟಿತು. ಅವನು ನಗಲಿಲ್ಲ, ನಮ್ಮನ್ನು ನೋಡಲೂ ಇಲ್ಲ. ಅವತ್ತು ಮೈದಾನದ ಸುತ್ತ ಹೋಗುವಾಗ ನಿಲ್ಲಿಸಿದಾಗಲೆಲ್ಲ ತಾನೇ ತಟ್ಟಿದ.

ತಾನು ಕೇಳಿದರೆ ಎದುರಿಗಿರುವುದು ಕೇಳಿಸಿಕೊಳ್ಳುತ್ತದೆ ಅನ್ನುವುದು ಮಗುವಿಗೆ ಗೊತ್ತಾಗಬೇಕು. ಕುದುರೆ ತಕ್ಷಣ ಉತ್ತರ ಕೊಡುತ್ತದೆ, ಪ್ರತಿ ಸಲವೂ ಕೊಡುತ್ತದೆ. ಚಿತ್ರದ ಕಾರ್ಡು, ಬಟನ್ ಒತ್ತಿದರೆ ಮಾತಾಡುವ ಸಾಧನ, ಸನ್ನೆ ಎಲ್ಲವನ್ನೂ ಬಳಸುತ್ತೇವೆ. ಮನೆಯಲ್ಲಿ ಕನ್ನಡ ಆಡುವ ಮಗುವಾದರೆ ‘ಹೋಗು’, ‘ನಿಲ್ಲು’ ಅನ್ನುವುದನ್ನು ಶಿಕ್ಷಕರಿಗೆ ಹೇಳಿಕೊಡಿ. ಕುದುರೆಗೆ ಹಗ್ಗ ಹಿಡಿದವರ ಸೂಚನೆ ಸಾಕು, ಮಗು ಯಾವ ಭಾಷೆಯಲ್ಲಿ ಹೇಳಿದರೂ ನಡೆಯುತ್ತದೆ.

ಮೊದಲ ದಿನವೇ ಅತ್ತು ರಂಪ ಮಾಡಿದರೆ?

ಹತ್ತಿಸುವುದಿಲ್ಲ, ಅಷ್ಟೇ. ಮೈ ಉಜ್ಜುವ ಬ್ರಷ್ ಕೊಡುತ್ತೇವೆ, ಲಾಯ ತೋರಿಸುತ್ತೇವೆ. ಕೆಲವರಿಗೆ ಹೆಲ್ಮೆಟ್ ಅಂದರೇ ಆಗುವುದಿಲ್ಲ. ಅಂಥವರು ಮನೆಯಲ್ಲಿ ಟಿವಿ ನೋಡುವಾಗ ಸೈಕಲ್ ಹೆಲ್ಮೆಟ್ ಹಾಕಿಕೊಂಡು ಅಭ್ಯಾಸ ಮಾಡಿಕೊಂಡು ಬರಬಹುದು. ಸವಾರಿಗೆ ಮಾತ್ರ ಕೇಂದ್ರದ ಹೆಲ್ಮೆಟ್ಟೇ ಬೇಕು. ದುಡ್ಡು ಕೊಟ್ಟಿದ್ದೀವಿ, ಹತ್ತಿಸಿಬಿಡಿ ಅಂತ ಒತ್ತಾಯ ಮಾಡಬೇಡಿ.

ದೊಡ್ಡವರೂ ಹೋಗಬಹುದಾ?

ಖಂಡಿತ. ಪಾರ್ಶ್ವವಾಯು ಆದವರು, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ ಇರುವವರು, ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಕಣ್ಣು ಕಾಣದವರು ಎಲ್ಲರೂ ಬರುತ್ತಾರೆ. ಮಕ್ಕಳ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ, ಇಪ್ಪತ್ತೆರಡಕ್ಕೆ ಸ್ಕೂಲಿನ ಸೌಲಭ್ಯಗಳೆಲ್ಲ ಮುಗಿದ ಮೇಲೆ ಅದೇ ಮಕ್ಕಳು ಮನೆಯಲ್ಲಿ ಕೂರುತ್ತಾರೆ. ಅವರಿಗೆ ವಾರಕ್ಕೊಮ್ಮೆ ಹೋಗಲು ಒಂದು ಜಾಗ ಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ತೂಕಕ್ಕೆ ಮಿತಿ ಇರುತ್ತದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ನೂರಕ್ಕೆ 20 ದಾಟಬಾರದು ಅನ್ನುವುದು ಸಾಮಾನ್ಯ ಲೆಕ್ಕ. ಎಷ್ಟೋ ಕೇಂದ್ರಗಳು ಇದಕ್ಕಿಂತ ಕಡಿಮೆ ಇಟ್ಟುಕೊಳ್ಳುತ್ತವೆ. ಹತ್ತಲು ಆಗದವರಿಗೆ ಕುದುರೆ ಗಾಡಿ ಓಡಿಸುವುದನ್ನು ಕಲಿಸುವ ಕೇಂದ್ರಗಳೂ ಇವೆ.

ಸ್ಪರ್ಧೆಯ ಆಸೆ ಇರುವವರಿಗೆ ದಾರಿ ಇದೆ. 1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸ್‌ನಿಂದ ಡ್ರೆಸ್ಸಾಜ್ ಇದೆ. ಸವಾರರನ್ನು ಒಂದರಿಂದ ಐದರ ತನಕ ಗ್ರೇಡ್ ಮಾಡುತ್ತಾರೆ. ಹೆಚ್ಚು ತೊಂದರೆ ಇರುವವರು ಒಂದನೇ ಗ್ರೇಡ್, ಅವರ ಸ್ಪರ್ಧೆಯಲ್ಲಿ ಕುದುರೆ ಪೂರ್ತಿ ನಡಿಗೆಯಲ್ಲೇ ಹೋಗುತ್ತದೆ.

ಕುದುರೆಗೆ ಹಿಂಸೆ ಆಗಲ್ವಾ?

ಸರಿಯಾಗಿ ನೋಡಿಕೊಳ್ಳದಿದ್ದರೆ ಆಗುತ್ತದೆ. ಒಂದೇ ಕಡೆ ವಾಲುವ ಸವಾರನನ್ನು ಹೊತ್ತು ನಡೆಯುವುದು ಕುದುರೆಯ ಬೆನ್ನಿಗೆ ಕಷ್ಟ. ಪಕ್ಕದಲ್ಲಿ ನಡೆಯುವ ನಾವು ದಣಿದು ಜೀನಿಗೆ ಜೋತುಬಿದ್ದರೆ ಇನ್ನೂ ಕಷ್ಟ. ಇದರ ಜೊತೆಗೆ ಕಿರುಚಾಟ, ಹಠಾತ್ತಾಗಿ ಜೂಲು ಎಳೆಯುವುದು, ಚೆಂಡು ಹಾರುವುದು ಎಲ್ಲವನ್ನೂ ಅದು ತಡೆದುಕೊಳ್ಳಬೇಕು. ಅದಕ್ಕೇ ಒಂದು ಕುದುರೆಗೆ ದಿನಕ್ಕೆ ಕೆಲವೇ ಕ್ಲಾಸು ಕೊಡುತ್ತಾರೆ. ಉಳಿದ ಹೊತ್ತು ಬಯಲಲ್ಲಿ ಬೇರೆ ಕುದುರೆಗಳ ಜೊತೆ ಬಿಡುತ್ತಾರೆ.

ನೀವೂ ಗಮನಿಸಬಹುದು. ಕಿವಿ ಹಿಂದಕ್ಕೆ ಒತ್ತಿಕೊಂಡಿದ್ದರೆ, ಸುಮ್ಮಸುಮ್ನೆ ಬಾಲ ಝಾಡಿಸುತ್ತಿದ್ದರೆ, ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ತಿರುಗಿದರೆ ಅದಕ್ಕೆ ನೋವೋ ಬಳಲಿಕೆಯೋ ಕಿರಿಕಿರಿಯೋ ಇರಬಹುದು. ಬಳಲಿದ ಕುದುರೆ ಇರುವ ಕಡೆ ನಿಮ್ಮ ಮಗುವೂ ಸುರಕ್ಷಿತ ಅಲ್ಲ.

ಖರ್ಚು? ಇನ್ಶೂರೆನ್ಸ್ ಕೊಡುತ್ತಾ?

ಸವಾರಿ ಕ್ಲಾಸಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಲೈಸೆನ್ಸ್ ಇರುವ ಥೆರಪಿಸ್ಟ್ ಕೊಡುವ ಚಿಕಿತ್ಸೆಯನ್ನು ಫಿಸಿಯೋಥೆರಪಿ ಅಥವಾ ಸ್ಪೀಚ್ ಥೆರಪಿ ಅಂತ ಕೆಲವು ಪಾಲಿಸಿಗಳು ಒಪ್ಪುತ್ತವೆ. ಮೊದಲೇ ಫೋನ್ ಮಾಡಿ ಬರಹದಲ್ಲಿ ಕೇಳಿ ಪಡೆಯಿರಿ.

ಕ್ಯಾಲಿಫೋರ್ನಿಯಾದವರು ರೀಜನಲ್ ಸೆಂಟರ್ ಹತ್ತಿರ ಖಂಡಿತ ವಿಚಾರಿಸಿ. ರಾಜ್ಯದಲ್ಲಿ ಅಂಥ 21 ಇವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಮೂರ್ಛೆರೋಗ, ಬುದ್ಧಿ ಬೆಳವಣಿಗೆಯ ತೊಂದರೆ ಇರುವವರಿಗೆ ಅವು ನೆರವು ಕೊಡುತ್ತವೆ. ಆಟ, ಮನರಂಜನೆ, ಇಂಥ ಥೆರಪಿಗಳಿಗೆ ಕೊಡುತ್ತಿದ್ದ ಹಣವನ್ನು 2009ರಲ್ಲಿ ನಿಲ್ಲಿಸಿದ್ದರು. 2021ರಲ್ಲಿ ಮತ್ತೆ ಶುರುವಾಗಿದೆ. ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತೇ ಇಲ್ಲ. ವೀಸಾದಲ್ಲಿ ಇದ್ದೀವಿ, ನಮಗೆ ಸಿಗಲ್ಲ ಅಂತ ಅಂದುಕೊಂಡು ಅರ್ಜಿಯನ್ನೇ ಹಾಕುವುದಿಲ್ಲ. ಅಲ್ಲಿ ಕೇಳುವುದು ನೀವು ಈ ರಾಜ್ಯದಲ್ಲಿ ವಾಸ ಇದ್ದೀರಾ ಅಂತ. ಹೆಚ್ಚಿನ ಕೇಂದ್ರಗಳು ದಾನದ ಹಣದಿಂದ ನಡೆಯುವಂಥವು, ಅವುಗಳಲ್ಲಿ ಸ್ಕಾಲರ್‌ಶಿಪ್ ಇರುತ್ತದೆ. ಕೇಳಲು ಸಂಕೋಚ ಬೇಡ.

ಕರ್ನಾಟಕದಲ್ಲಿ ಸಿಗುತ್ತಾ?

ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಕೆಲವು ರೈಡಿಂಗ್ ಶಾಲೆಗಳು ಸಣ್ಣ ಪ್ರಮಾಣದಲ್ಲಿ ಮಾಡುತ್ತವೆ. ಕುದುರೆಗಳಿಗೂ ಅವನ್ನು ಬಲ್ಲವರಿಗೂ ನಮ್ಮಲ್ಲಿ ಬರವಿಲ್ಲ. ಕುಣಿಗಲ್ ಕುದುರೆ ಸಾಕಣೆಗೆ ಹೆಸರಾದ ಊರು, ಮೈಸೂರಲ್ಲಿ ಪೊಲೀಸರ ಅಶ್ವಾರೋಹಿ ದಳ ಇದೆ. ಬೇಕಿರುವುದು ಈ ಕೆಲಸಕ್ಕೆ ತರಬೇತಾದ ಜನ ಮತ್ತು ಈ ಕೆಲಸಕ್ಕೆ ಹೊಂದುವ ಕುದುರೆ. ರೇಸಿನಿಂದ ನಿವೃತ್ತಿಯಾದ ಕುದುರೆಗಳು ರೈಡಿಂಗ್ ಶಾಲೆಗಳಿಗೆ ಬರುತ್ತವೆ. ಅವುಗಳಲ್ಲಿ ಕೆಲವು ತುಂಬಾ ಸಮಾಧಾನಿ. ಆದರೆ ಓಡಲೆಂದೇ ಬೆಳೆಸಿದ ತಳಿ ಅದು, ಎಲ್ಲವೂ ಈ ಕೆಲಸಕ್ಕೆ ಆಗುವುದಿಲ್ಲ.

ಹೋದ ಕಡೆ ಇಷ್ಟು ಕೇಳಿ: ಕಲಿಸುವವರ ತರಬೇತಿ ಏನು? ಡಾಕ್ಟರ್ ಪತ್ರ ಕೇಳುತ್ತಾರಾ? ಮಗುವಿನ ಪಕ್ಕ ಎಷ್ಟು ಜನ ನಡೆಯುತ್ತಾರೆ? ಮಗು ಬೆದರಿದರೆ, ಕುದುರೆ ಬೆದರಿದರೆ ಏನು ಮಾಡುತ್ತಾರೆ? ಒಂದು ಕ್ಲಾಸ್ ಸುಮ್ಮನೆ ಕೂತು ನೋಡಲು ಬಿಡುತ್ತಾರಾ? ಬಿಡದಿದ್ದರೆ ವಾಪಸ್ ಬನ್ನಿ. ಬೀಚಿನಲ್ಲೋ ಜಾತ್ರೆಯಲ್ಲೋ ಒಂದು ಸುತ್ತು ಹಾಕಿಸಿದರೆ ಮಗುವಿಗೆ ಖುಷಿಯಾಗಬಹುದು, ಆದರೆ ಕುತ್ತಿಗೆ ನಿಲ್ಲದ ಮಗುವನ್ನು ಅಲ್ಲಿ ಹತ್ತಿಸಬೇಡಿ.

ಮೊದಲ ದಿನ ಹೇಗೆ ಬರಬೇಕು?

ಉದ್ದ ಪ್ಯಾಂಟು, ಕಾಲು ಮುಚ್ಚುವ ಶೂ. ಚಪ್ಪಲಿ ಬೇಡ. ಗಾಜಿನ ಬಳೆ, ಗೆಜ್ಜೆ, ನೇತಾಡುವ ಓಲೆ ಮನೆಯಲ್ಲೇ ತೆಗೆದಿಡಿ. ಹೆಣ್ಣುಮಕ್ಕಳಿಗೆ ಜಡೆ ಕೆಳಗೆ ಹಾಕಿ, ಮೇಲೆ ತುರುಬು ಕಟ್ಟಿದರೆ ಹೆಲ್ಮೆಟ್ ಕೂರುವುದಿಲ್ಲ. ಕಾಲಿನ ಬ್ರೇಸ್ ಇಟ್ಟುಕೊಳ್ಳಬೇಕಾ ತೆಗೆಯಬೇಕಾ ಅಂತ ಥೆರಪಿಸ್ಟ್ ಹೇಳುತ್ತಾರೆ. ಅಸ್ತಮಾ ಇದ್ದರೆ ಇನ್ಹೇಲರ್ ತನ್ನಿ, ಒಣಹುಲ್ಲಿನ ಧೂಳು ಇದ್ದೇ ಇರುತ್ತದೆ.

ನಾನೂ ಸ್ವಯಂಸೇವಕರಾಗಿ ಬರಬಹುದಾ? ಕುದುರೆ ಬಗ್ಗೆ ಏನೂ ಗೊತ್ತಿಲ್ಲ.

ಬನ್ನಿ. ನಮಗೆ ಯಾವಾಗಲೂ ಜನ ಸಾಲುವುದಿಲ್ಲ. ಪಕ್ಕದಲ್ಲಿ ನಡೆಯುವವರು ರಜೆ ಹಾಕಿದರೆ ಆ ಮಗುವಿನ ಕ್ಲಾಸೇ ರದ್ದಾಗುತ್ತದೆ. ಕುದುರೆ ಬಗ್ಗೆ ತರಬೇತಿ ಕೊಡುತ್ತಾರೆ. ಮರಳಿನ ನೆಲದ ಮೇಲೆ ಒಂದು ಗಂಟೆ ನಡೆಯಲು, ಕೈ ಎತ್ತಿ ಹಿಡಿಯಲು ಶಕ್ತಿ ಇರಬೇಕು. ಅದು ಆಗದವರಿಗೂ ಲಾಯ ಗುಡಿಸುವುದು, ಜೀನು ಒರೆಸುವುದು, ಫೋನ್ ನೋಡಿಕೊಳ್ಳುವುದು ಅಂತ ಕೆಲಸ ಇದೆ. ಹೈಸ್ಕೂಲ್ ಮಕ್ಕಳನ್ನೂ ತುಂಬಾ ಕೇಂದ್ರಗಳು ತೆಗೆದುಕೊಳ್ಳುತ್ತವೆ. ಒಂದೇ ಷರತ್ತು, ಬರುತ್ತೇನೆ ಅಂದ ದಿನ ಬರಬೇಕು. ಶನಿವಾರದ ಕ್ಲಾಸುಗಳಿಗೆ ಜನ ಸಿಗುತ್ತಾರೆ, ವಾರದ ನಡುವೆ ಮಧ್ಯಾಹ್ನ ಬರುವವರೇ ಕಡಿಮೆ. ನಿಮಗೆ ಆ ಹೊತ್ತು ಬಿಡುವಿದ್ದರೆ ಫಾರಂನಲ್ಲಿ ಅದನ್ನೇ ಮೊದಲು ಬರೆಯಿರಿ.